ಜನ ಸುಳಿಯದ ದಡದಲ್ಲಿ ಗಾಳ: ಇಂಗ್ಲೆಂಡಿನ ನದಿಗಳಲ್ಲಿ ಕೋರ್ಸ್ ಫಿಶಿಂಗ್ ಮಾಡುವ ಬಗೆ

ಜನ ಓಡಾಡದ ಕಡೆ ಮೀನು ಸುಲಭವಾಗಿ ಸಿಗುತ್ತದೆ ಅನ್ನುವುದು ತಪ್ಪು ಲೆಕ್ಕ. ಊರ ಸೇತುವೆಯ ಕೆಳಗಿನ ಮೀನಿಗೆ ಹೆಜ್ಜೆಸದ್ದು, ನಾಯಿಯ ಬೊಗಳು, ಮಕ್ಕಳ ಕೂಗು ಎಲ್ಲ ರೂಢಿಯಾಗಿರುತ್ತದೆ. ಹೊಲಗಳ ಹಿಂದೆ, ಮರಗಳ ಮರೆಯಲ್ಲಿ ಹರಿಯುವ ನೀರಿನ ಮೀನು ಹಾಗಲ್ಲ. ದಡದ ಮೇಲೆ ಒಂದು ನೆರಳು ಅಲ್ಲಾಡಿದರೂ ಅದಕ್ಕೆ ನೀರುನಾಯಿಯೋ ಬಕಪಕ್ಷಿಯೋ ಬಂದಂತೆ. ಅದಕ್ಕೇ ಇಂಥ ಕಡೆ ಗಾಳ ಹಾಕಲು ಹೊರಟವರಿಗೆ ಮೊದಲು ಹೇಳಬೇಕಾದ್ದು ಇದು: ದಡಕ್ಕೆ ಬಂದ ಮೊದಲ ಅರ್ಧ ಗಂಟೆ ನಿಮ್ಮ ಕೊಕ್ಕೆ ನೀರಿಗೆ ಬೀಳಬಾರದು.

ಇಂಗ್ಲೆಂಡಿನಲ್ಲಿ ಸಾಲ್ಮನ್, ಟ್ರೌಟ್‌ಗಳನ್ನು ‘ಗೇಮ್’ ಮೀನೆಂದೂ ಉಳಿದ ಸಿಹಿನೀರಿನ ಮೀನುಗಳನ್ನು ‘ಕೋರ್ಸ್’ ಮೀನೆಂದೂ ಕರೆಯುತ್ತಾರೆ. ನದಿಯಲ್ಲಿ ಮುಖ್ಯವಾಗಿ ಸಿಗುವವು ರೋಚ್, ಡೇಸ್, ಚಬ್, ಬಾರ್ಬೆಲ್, ಪರ್ಚ್, ಪೈಕ್. ಇವುಗಳಲ್ಲಿ ಬಾರ್ಬೆಲ್ ನಮ್ಮ ಗೆಂಡೆ, ಮಹಶೀರ್‌ಗಳ ಕುಲದ್ದೇ. ಬಾಯಿಯ ಬಳಿ ನಾಲ್ಕು ಮೀಸೆ, ಸೆಳವಿಗೆ ಎದುರಾಗಿ ತಳ ಹಿಡಿದು ನಿಲ್ಲುವ ಗಟ್ಟಿ ಮೈ. ಕಾವೇರಿ, ಹೇಮಾವತಿ ದಂಡೆಯಲ್ಲಿ ಎರೆಹುಳು ಸಿಕ್ಕಿಸಿ ಬೆಂಡು ಬಿಟ್ಟು ಬೆಳೆದವರಿಗೆ ಇಲ್ಲಿನ ಕೈಚಳಕ ಹೊಸದಾಗಿ ಕಾಣುವುದಿಲ್ಲ. ಹೊಸದು ಕಾನೂನು, ಮತ್ತು ಹಿಡಿದ ಮೀನನ್ನು ನೋಯಿಸದೆ ನೀರಿಗೇ ಬಿಡುವ ಪದ್ಧತಿ.

ಹೊರಡುವ ಮುನ್ನ

ಮೂರು ಸಂಗತಿ ಖಚಿತ ಮಾಡಿಕೊಳ್ಳಿ. ಒಂದು, ರಾಡ್ ಲೈಸೆನ್ಸ್, ಅಂದರೆ ಗಾಳದ ಕೋಲಿನ ಪರವಾನಗಿ. ಇಂಗ್ಲೆಂಡಿನಲ್ಲಿ 13 ವರ್ಷ ತುಂಬಿದ ಎಲ್ಲರಿಗೂ ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಪರಿಸರ ಸಂಸ್ಥೆಯ ಲೈಸೆನ್ಸ್ ಬೇಕು. 13ರಿಂದ 16ರ ಮಕ್ಕಳಿಗೆ ಉಚಿತ, ಆದರೆ ಹೆಸರು ನೋಂದಾಯಿಸಲೇಬೇಕು. ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 2,500 ಪೌಂಡ್‌ವರೆಗೆ ದಂಡ. ಎರಡು, ದಡದ ಒಡೆತನ. ಲೈಸೆನ್ಸ್ ಇದ್ದಮಾತ್ರಕ್ಕೆ ಎಲ್ಲಿ ಬೇಕಾದರೂ ಗಾಳ ಹಾಕುವಂತಿಲ್ಲ. ಬಹುತೇಕ ದಡಗಳಲ್ಲಿ ಮೀನು ಹಿಡಿಯುವ ಹಕ್ಕು ಒಬ್ಬ ರೈತನ ಕೈಯಲ್ಲೋ ಆಂಗ್ಲಿಂಗ್ ಕ್ಲಬ್ಬಿನ ಕೈಯಲ್ಲೋ ಇರುತ್ತದೆ. ಅವರಿಂದ ಡೇ ಟಿಕೆಟ್ ಅಥವಾ ಸದಸ್ಯತ್ವ ಪಡೆಯಬೇಕು. ಕ್ಲಬ್ಬಿನ ಪುಸ್ತಕದಲ್ಲಿ ಕಾರು ನಿಲ್ಲಿಸುವ ಜಾಗದಿಂದ ಒಂದು ಕಿಲೋಮೀಟರ್ ನಡೆಯಬೇಕೆಂದು ಬರೆದಿರುವ ದಡವನ್ನೇ ಆರಿಸಿ. ಹೊರೆ ಹೊತ್ತು ಅಷ್ಟು ದೂರ ಹೋಗುವವರು ಕಡಿಮೆ, ಏಕಾಂತ ಅಲ್ಲಿದೆ. ಮೂರು, ನಿಷೇಧದ ಕಾಲ. ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ, ಎರಡೂ ದಿನ ಸೇರಿ, ಕೋರ್ಸ್ ಮೀನು ಹಿಡಿಯುವಂತಿಲ್ಲ. ಅದು ಮೊಟ್ಟೆಯಿಡುವ ಕಾಲ. ಜೂನ್ 16ರ ಬೆಳಗಿನ ಜಾವ ದಡದಲ್ಲಿರುವುದು ಅಲ್ಲಿನ ಗಾಳಗಾರರಿಗೆ ಒಂದು ಹಬ್ಬವೇ.

ಹೊರಡುವ ಹಿಂದಿನ ದಿನ ನದಿಯ ಮಟ್ಟವನ್ನು ಆನ್‌ಲೈನಿನಲ್ಲಿ ನೋಡಿ. ಏಜೆನ್ಸಿಯ ಅಳತೆಗಂಬಗಳ ಲೆಕ್ಕ ಅಲ್ಲಿ ಸಿಗುತ್ತದೆ. ಏರುತ್ತಿರುವ, ಕಸ ತೇಲಿ ಬರುವ ನೀರಿಗೆ ಹೋಗಬೇಡಿ. ಮಳೆ ನಿಂತು ಮಟ್ಟ ಇಳಿಯುತ್ತಾ, ಬಣ್ಣ ತಿಳಿ ಚಹಾದಂತೆ ಆಗುತ್ತಿರುವ ದಿನ ಎಲ್ಲಕ್ಕಿಂತ ಒಳ್ಳೆಯದು. ಆ ಬಣ್ಣದಲ್ಲಿ ಮೀನಿಗೆ ಧೈರ್ಯವೂ ಇರುತ್ತದೆ, ಎರೆಯೂ ಕಾಣುತ್ತದೆ.

ನೀರನ್ನು ಓದುವುದು

ಇಲ್ಲಿ ಆತುರ ಪಟ್ಟವರಿಗೆ ಇಡೀ ದಿನ ದಂಡ. ಗಂಟುಮೂಟೆಯನ್ನು ದಡದಿಂದ 20 ಮೀಟರ್ ಹಿಂದೆ ಇಳಿಸಿ, ಬರಿಗೈಯಲ್ಲಿ, ನೀರಿನ ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ ಹಾಕಿಕೊಂಡು, ಬಗ್ಗಿ ನಡೆದು ನೋಡಿ. ಅಂಗಾಲು ಪೂರ್ತಿ ಊರಿ ಮೆತ್ತಗೆ ಹೆಜ್ಜೆ ಇಡಿ. ನೆಲದ ಅದುರು ನೀರಿಗೆ ಹಾಯುತ್ತದೆ, ಮೀನು ಅದನ್ನು ಮೈಯ ಪಕ್ಕದ ಗೆರೆಯಿಂದ ಗ್ರಹಿಸುತ್ತದೆ. ಮಾತಾಡಿದರೆ ಅಷ್ಟೇನೂ ತೊಂದರೆಯಿಲ್ಲ. ಕೆಡಿಸುವುದು ಬೂಟಿನ ಏಟು, ಪೆಟ್ಟಿಗೆ ಎಳೆದಾಡುವುದು, ಕೋಲು ಊರುವ ಕಬ್ಬಿಣದ ಗೂಟವನ್ನು ಬಡಿಯುವುದು. ಗೂಟವನ್ನು ತಿರುಚಿ ಒತ್ತಿ ಇಳಿಸಿ. ಸೂರ್ಯ ಬೆನ್ನ ಹಿಂದಿದ್ದರೆ ನಿಮ್ಮ ನೆರಳು ನೀರಿಗೆ ಬೀಳುತ್ತದೆ, ಕುಳಿತೇ ಕೆಲಸ ಮಾಡಿ.

ಹುಡುಕಬೇಕಾದ್ದು ಸೆಳವಿನ ಸಂಧಿ. ಬಿರುಸಾದ ನೀರೂ ನಿಧಾನದ ನೀರೂ ಒಂದಕ್ಕೊಂದು ತಾಗುವಲ್ಲಿ ನೀರಿನ ಮೇಲೆ ಒಂದು ಗೆರೆ ಕಾಣುತ್ತದೆ. ನೊರೆಗುಳ್ಳೆಗಳು ಸಾಲಾಗಿ ಅದರ ಮೇಲೇ ಹೋಗುತ್ತವೆ. ಮೀನು ಆ ಗೆರೆಯ ನಿಧಾನದ ಬದಿಯಲ್ಲಿ ನಿಂತು, ಪಕ್ಕದ ಬಿರುಸು ನೀರು ಹೊತ್ತು ತರುವ ತಿನಿಸನ್ನು ಚೂರು ಸರಿದು ಹಿಡಿಯುತ್ತದೆ. ಕಡಿಮೆ ಶ್ರಮ, ಹೆಚ್ಚು ಊಟ. ತಿರುವಿನ ಒಳಮೈಯಲ್ಲಿ, ಬಿದ್ದ ಮರದ ಕೆಳಗಡೆ, ಸೇತುವೆ ಕಂಬದ ಹಿಂದೆ ಇಂಥ ಗೆರೆ ಇದ್ದೇ ಇರುತ್ತದೆ. ನೀರಿಗೆ ಬಾಗಿದ ವಿಲ್ಲೋ ಮರದ ಕೊಂಬೆ, ಅದಕ್ಕೆ ಸಿಕ್ಕಿಬಿದ್ದ ಕಸದ ತೆಪ್ಪ ಕಂಡರೆ ಅದರಡಿ ಚಬ್ ಇದೆ ಎಂದುಕೊಳ್ಳಿ. ತಳದಲ್ಲಿ ಮಿಂಚು ಹೊಡೆದಂತೆ ಏನೋ ಹೊಳೆದು ಮಾಯವಾದರೆ ಅದು ಜಲ್ಲಿಗೆ ಮೈ ಉಜ್ಜುತ್ತಿರುವ ಬಾರ್ಬೆಲ್.

ಮೂರು ನಾಲ್ಕು ಜಾಗ ಗುರುತು ಮಾಡಿ, ಪ್ರತಿಯೊಂದಕ್ಕೂ ಮೇಲ್ಗಡೆಯಿಂದ ಒಂದೊಂದು ಹಿಡಿ ಎರೆ ಎಸೆದು ಬನ್ನಿ. ನೀವು ಸಾಮಾನು ಜೋಡಿಸುವಷ್ಟರಲ್ಲಿ ಮೀನು ಹೆದರಿಕೆ ಬಿಟ್ಟು ತಿನ್ನಲು ಶುರು ಮಾಡಿರುತ್ತದೆ. ಆ ಅರ್ಧ ಗಂಟೆಯ ಕಾಯುವಿಕೆ ಇದಕ್ಕಾಗಿ.

ಎರೆ

ಮ್ಯಾಗಟ್ ಅಂದರೆ ನೀಲಿನೊಣದ ಮರಿಹುಳು. ಅಂಗಡಿಯಲ್ಲಿ ಪೈಂಟ್ (ಅರ್ಧ ಲೀಟರಿಗಿಂತ ತುಸು ಹೆಚ್ಚು) ಲೆಕ್ಕದಲ್ಲಿ ಮಾರುತ್ತಾರೆ. ಬೇಸಿಗೆಯ ಇಡೀ ದಿನಕ್ಕೆ 2 ಪೈಂಟ್, ಚಳಿಗಾಲಕ್ಕೆ 1 ಪೈಂಟ್ ಸಾಕು. ಮನೆಗೆ ತಂದು ಜರಡಿ ಹಿಡಿದು, ಹಳೆಯ ಹೊಟ್ಟು ಬಿಸಾಡಿ, ಹಿಡಿಯಷ್ಟು ಮೆಕ್ಕೆಜೋಳದ ಹಿಟ್ಟು ಉದುರಿಸಿ ಫ್ರಿಜ್ಜಿನಲ್ಲಿಡಿ. ಡಬ್ಬದ ಮುಚ್ಚಳದಲ್ಲಿ ಸಣ್ಣ ತೂತುಗಳಿರಲಿ. ಒದ್ದೆಯಾದರೆ ಅವು ಡಬ್ಬದ ಗೋಡೆ ಹತ್ತಿ ಹೊರಬರುತ್ತವೆ. ಮಳೆಯಲ್ಲಿ ಮುಚ್ಚಳ ತೆರೆದಿಡುವುದು ಹೊಸಬರೆಲ್ಲ ಮಾಡುವ ತಪ್ಪು.

ಜೊತೆಗೆ ಹೆಂಪ್ ಬೀಜ. ಅರ್ಧ ಕಿಲೋ ಬೀಜವನ್ನು 24 ಗಂಟೆ ನೆನೆಸಿ, ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಬೇಯಿಸಿ. ಸಿಪ್ಪೆ ಬಿರಿದು ಒಳಗಿನ ಬಿಳಿ ಮೊಳಕೆ ಇಣುಕಿದ ಕೂಡಲೇ ಇಳಿಸಿಬಿಡಿ. ಹೆಚ್ಚು ಬೆಂದರೆ ತಿರುಳು ಕಳಚಿ ಸಿಪ್ಪೆ ಮೇಲೆ ತೇಲುತ್ತದೆ, ಮೀನೂ ಅದರ ಹಿಂದೆ ಮೇಲೆದ್ದು ಚದುರುತ್ತದೆ. ಸರಿಯಾಗಿ ಬೆಂದದ್ದು ತಳಕ್ಕಿಳಿದು ಕಲ್ಲುಸಂದಿಯಲ್ಲಿ ಕೂರುತ್ತದೆ. ಮೀನು ಅದನ್ನು ಗಂಟೆಗಟ್ಟಲೆ ಹುಡುಕುತ್ತಾ ಅಲ್ಲೇ ಇರುತ್ತದೆ.

ಇವೆರಡೂ ಇಲ್ಲದಿದ್ದರೆ ಬೇಕರಿಯ ಮೆತ್ತನೆಯ ಬಿಳಿ ಬ್ರೆಡ್ ಒಂದು ಪೌಂಡು ಸಾಕು. ಅದರಲ್ಲೇ ದಿನ ಕಳೆಯಬಹುದು.

ಬೆಂಡು ಹರಿಯಬಿಡುವುದು

ರೋಚ್, ಡೇಸ್, ಸಣ್ಣ ಚಬ್‌ಗಳಿಗೆ ಇದಕ್ಕಿಂತ ಸೊಗಸಾದ ಉಪಾಯವಿಲ್ಲ. ಎರೆ ತಾನಾಗಿಯೇ ನೀರಿನೊಡನೆ ಹೋಗುತ್ತಿದೆ ಎಂದು ಮೀನಿಗೆ ತೋರಬೇಕು, ಅಷ್ಟೇ. ಬೇಕಾದದ್ದು 13 ಅಡಿಯ ಫ್ಲೋಟ್ ರಾಡ್, ಸಣ್ಣ ರೀಲ್, 3 ಪೌಂಡ್ ತಾಳುವ ತೇಲುವ ದಾರ, ದಾರಕ್ಕೆ ತೂಕವಾಗಿ ಹಚ್ಚುವ 4ನೇ ನಂಬರಿನ 4ರಿಂದ 6 ಪುಟ್ಟ ಗುಂಡು ಹೊರುವ, ಕಡ್ಡಿಯಂಥ ಸ್ಟಿಕ್ ಬೆಂಡು.

ಗುಂಡಿನ ಬಗ್ಗೆ ಒಂದು ಮಾತು. ಬ್ರಿಟನ್ನಿನಲ್ಲಿ 0.06 ಗ್ರಾಮಿನಿಂದ 28.35 ಗ್ರಾಮಿನ ನಡುವಿನ ಸೀಸದ ಗುಂಡುಗಳಿಗೆ 1987ರಿಂದ ನಿಷೇಧವಿದೆ. ದಡದಲ್ಲಿ ಬಿದ್ದ ಸೀಸ ನುಂಗಿ ಹಂಸಗಳು ಸಾಯುತ್ತಿದ್ದುದೇ ಕಾರಣ. ಊರಿನಿಂದ ತಂದ ಸೀಸದ ಗುಂಡುಗಳನ್ನು ಇಲ್ಲಿ ಬಳಸಬೇಡಿ. ಅಂಗಡಿಯಲ್ಲಿ ‘ನಾನ್ ಟಾಕ್ಸಿಕ್’ ಎಂದು ಕೇಳಿ ಪಡೆಯಿರಿ.

ಕಟ್ಟುವ ಕ್ರಮ ಹೀಗೆ:

1. ದಾರಕ್ಕೆ ಮೂರು ಸಣ್ಣ ಸಿಲಿಕೋನ್ ರಬ್ಬರ್ ತುಣುಕು ಪೋಣಿಸಿ, ಬೆಂಡನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಬಿಗಿಮಾಡಿ. ಒಂದು ಹರಿದರೂ ಬೆಂಡು ಉಳಿಯುತ್ತದೆ.
2. ದಾರದ ತುದಿಯಲ್ಲಿ ಸಣ್ಣ ಕುಣಿಕೆ ಮಾಡಿ, ಅದಕ್ಕೆ 45 ಸೆಂ.ಮೀ. ಉದ್ದದ, 0.10ರಿಂದ 0.12 ಮಿ.ಮೀ. ತೆಳುವಿನ ತುಂಡುದಾರ ಸೇರಿಸಿ. ಕೊಕ್ಕೆ ಎಲ್ಲೋ ಸಿಕ್ಕಿಕೊಂಡರೆ ಈ ತುಂಡೊಂದೇ ಹರಿಯಬೇಕು. ದೊಡ್ಡ ಚಬ್ ಇರುವ ಕಡೆ 0.14 ಮಿ.ಮೀ. ಬಳಸಿ.
3. ಕೊಕ್ಕೆ: ಒಂದು ಮ್ಯಾಗಟ್‌ಗೆ 18ನೇ ನಂಬರ್, ಎರಡಕ್ಕೆ 16 (ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು). ಮುಳ್ಳಿಲ್ಲದ ಕೊಕ್ಕೆಯೇ ಇರಲಿ. ಮ್ಯಾಗಟ್ಟಿನ ದಪ್ಪ ತುದಿಯ ಚರ್ಮವನ್ನಷ್ಟೇ ಚುಚ್ಚಿ. ಒಳಗೆ ಹೋದರೆ ರಸ ಸೋರಿ ಸತ್ತುಹೋಗುತ್ತದೆ.
4. ಗುಂಡುಗಳನ್ನು ಬೆಂಡಿನಿಂದ ಕೆಳಕ್ಕೆ ಅಂಗಿಯ ಗುಂಡಿಗಳ ಹಾಗೆ ಸಮದೂರದಲ್ಲಿ ಹಚ್ಚಿ. ಒಂದು ಅಡಿ ಆಳಕ್ಕೆ 4ನೇ ನಂಬರಿನ ಒಂದು ಗುಂಡು ಎಂಬ ಲೆಕ್ಕ ಸಾಮಾನ್ಯ ಸೆಳವಿಗೆ ಸರಿ. ಕೊಕ್ಕೆಯಿಂದ 30 ಸೆಂ.ಮೀ. ಮೇಲೆ 8ನೇ ನಂಬರಿನ ಒಂದು ಚಿಕ್ಕ ಗುಂಡು.
5. ಕೊಕ್ಕೆಗೆ ಆಳ ಅಳೆಯುವ ತೂಕ ಸಿಕ್ಕಿಸಿ, ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಉಳಿಯುವಷ್ಟು ಸರಿಪಡಿಸಿ. ಒಂದೇ ಕಡೆ ಅಳೆದು ಸುಮ್ಮನಾಗಬೇಡಿ. ಬೆಂಡು ಹೋಗುವ ಇಡೀ ದಾರಿಯಲ್ಲಿ ನಾಲ್ಕೈದು ಕಡೆ ಅಳೆಯಿರಿ. ತಳದ ಗುಂಡಿಯೋ ದಿಬ್ಬವೋ ಅಲ್ಲಿ ಗೊತ್ತಾಗುತ್ತದೆ, ಮೀನು ನಿಲ್ಲುವುದೂ ಅಂಥ ಕಡೆಯೇ.

ಈಗ ಬಿಡುವ ಕ್ರಮ. ಮೊದಲು ಎಂಟು ಹತ್ತು ಮ್ಯಾಗಟ್ ಮೇಲ್ಗಡೆ ಎಸೆಯಿರಿ, ಆಮೇಲೆ ಅದೇ ಸಾಲಿಗೆ ಬೆಂಡು. ಪ್ರತಿ ಸಲವೂ ಹೀಗೇ, ತಪ್ಪದೆ. ಒಮ್ಮೆಗೆ ಬೊಗಸೆ ತುಂಬ ಸುರಿದು ಅರ್ಧ ಗಂಟೆ ಸುಮ್ಮನಿದ್ದರೆ ಮೀನು ಹೊಟ್ಟೆ ತುಂಬಿಸಿಕೊಂಡು ಹೋಗಿಬಿಡುತ್ತದೆ. ಚೂರು ಚೂರು ಬರುತ್ತಲೇ ಇದ್ದರೆ ಮೀನುಗಳು ಪರಸ್ಪರ ಪೈಪೋಟಿಗೆ ಬಿದ್ದು ಎಚ್ಚರ ತಪ್ಪುತ್ತವೆ. ಬಿಡುವಾಗ ರೀಲಿನ ತುಟಿಯ ಮೇಲೆ ಬೆರಳಿಟ್ಟು ದಾರವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಮೇಲಿನ ನೀರು ತಳದ ನೀರಿಗಿಂತ ಬೇಗ ಹರಿಯುತ್ತದೆ. ಬೆಂಡನ್ನು ಅದರ ಪಾಡಿಗೆ ಬಿಟ್ಟರೆ ಎರೆ ಹಿಂದೆ ಎಳೆದಾಡಿಕೊಂಡು ಹೋಗುತ್ತದೆ, ಮೀನಿಗೆ ಅದು ಅಸಹಜ. ಬೆಂಡನ್ನು ತುಸು ತಡೆಹಿಡಿದರೆ ಎರೆ ಮುಂದಾಗಿ ಮೇಲಕ್ಕೇಳುತ್ತದೆ, ಕಚ್ಚುವುದು ಹೆಚ್ಚಾಗಿ ಆಗಲೇ. ದಾರ ನೀರಿನ ಮೇಲೆ ಬಿಲ್ಲಿನಂತೆ ಬಾಗಿದರೆ ಕೋಲಿನ ತುದಿಯಿಂದ ಮೆಲ್ಲಗೆ ಎತ್ತಿ ಬೆಂಡಿನ ಹಿಂದಕ್ಕೆ ಹಾಕಿ.

ಎಡವಟ್ಟುಗಳು ತಾವೇ ಸುಳಿವು ಕೊಡುತ್ತವೆ. ಬೆಂಡು ಮತ್ತೆ ಮತ್ತೆ ಒಂದೇ ಕಡೆ ಮುಳುಗಿ ಎಳೆದರೆ ಏನೂ ಇಲ್ಲವೇ? ಕೊಕ್ಕೆ ತಳಕ್ಕೆ ತಾಗುತ್ತಿದೆ, ಆಳವನ್ನು 5 ಸೆಂ.ಮೀ. ಕಡಿಮೆ ಮಾಡಿ. ಮ್ಯಾಗಟ್ ಹೀರಿ ಬರೀ ಚರ್ಮ ಉಳಿದು, ಬೆಂಡು ಮಾತ್ರ ಅಲುಗಿಲ್ಲವೇ? 8ನೇ ನಂಬರಿನ ಗುಂಡನ್ನು ಕೊಕ್ಕೆಯಿಂದ 15 ಸೆಂ.ಮೀ.ಗೆ ಇಳಿಸಿ. ಎರೆ ಇನ್ನೂ ಇಳಿಯುತ್ತಿರುವಾಗಲೇ ಕಚ್ಚುತ್ತಿದ್ದರೆ ಮೀನು ನಡುನೀರಿಗೆ ಏರಿದೆ ಎಂದರ್ಥ. ಆಳ ಕಡಿಮೆ ಮಾಡಿ, ಗುಂಡುಗಳನ್ನು ಬೆಂಡಿನ ಬಳಿಗೆ ತಳ್ಳಿ. ಕಚ್ಚುವುದೆಲ್ಲ ಸಾಲಿನ ಕೊನೆಯಲ್ಲೇ ಆಗುತ್ತಿದ್ದರೆ ನೀವು ಎಸೆದ ಎರೆ ಅಲ್ಲಿಗೆ ಹೋಗಿ ತಳ ಮುಟ್ಟುತ್ತಿದೆ. ಇನ್ನೂ ಎರಡು ಮೂರು ಮೀಟರ್ ಮೇಲ್ಗಡೆ ಎಸೆಯಿರಿ. ಚೆನ್ನಾಗಿ ಕಚ್ಚುತ್ತಿದ್ದದ್ದು ಒಮ್ಮೆಲೇ ನಿಂತುಹೋದರೆ ಪೈಕ್ ಬಂದಿರಬಹುದು. ಆ ಜಾಗಕ್ಕೆ 20 ನಿಮಿಷ ಬಿಡುವು ಕೊಟ್ಟು ಇನ್ನೊಂದಕ್ಕೆ ಹೋಗಿ. ಗಾಳಿ ನದಿಯ ದಿಕ್ಕಿನಲ್ಲೇ ಬೀಸುತ್ತಿದ್ದರೆ ಅದು ದಾರವನ್ನು ಮುಂದೆ ನೂಕಿ ಬೆಂಡನ್ನು ಎಳೆದಾಡುತ್ತದೆ. ಅಂಥ ದಿನ ಹಠ ಮಾಡದೆ ತಳದ ಗಾಳಕ್ಕೆ ಬದಲಾಯಿಸಿ.

ಚಳಿಗಾಲದ ಚಬ್

ನೀರು ಕೊರೆಯುವಾಗ ಬಾರ್ಬೆಲ್ ಬಾಯಿ ಮುಚ್ಚುತ್ತದೆ, ಚಬ್ ಮಾತ್ರ ತಿನ್ನುತ್ತಲೇ ಇರುತ್ತದೆ. 6ನೇ ನಂಬರಿನ ಕೊಕ್ಕೆಗೆ ಬ್ರೆಡ್ಡಿನ ನಡುವಿನ ಮೆತ್ತನೆಯ ತುಂಡನ್ನು ಮಡಚಿ, ಕೊಕ್ಕೆಯ ಕಾಲಿನ ಬಳಿ ಮಾತ್ರ ಒತ್ತಿ, ಉಳಿದದ್ದು ಅರಳಿಕೊಂಡಿರಲಿ. ತೂಕಕ್ಕೆ ಎಎಎ ಎಂಬ ದೊಡ್ಡ ಅಳತೆಯ ಎರಡು ಮೂರು ಗುಂಡು ಸಾಕು. ಪ್ರತಿ ಜಾಗಕ್ಕೂ ಪುಡಿಮಾಡಿದ ಬ್ರೆಡ್ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ, ಹೆಚ್ಚು ಬೇಡ. 20 ನಿಮಿಷದಲ್ಲಿ ಕಚ್ಚದಿದ್ದರೆ ಎದ್ದು ಮುಂದಿನ ಜಾಗಕ್ಕೆ ಹೋಗಿ. ಒಂದು ಜಾಗದಲ್ಲಿ ಒಂದು ಮೀನು ಸಿಕ್ಕರೆ ಎರಡನೆಯದು ಸಿಗುವುದು ಅಪರೂಪ, ಉಳಿದವು ಗದ್ದಲಕ್ಕೆ ಹೆದರಿರುತ್ತವೆ. ಹಿಮ ಕರಗಿದ ನೀರು ಬರುತ್ತಿದ್ದರೆ ಮನೆಯಲ್ಲೇ ಇರಿ.

ಬಾರ್ಬೆಲ್

ಸೆವರ್ನ್ ನದಿಯಲ್ಲಿ ಬಾರ್ಬೆಲ್ ಮೊದಲು ಇರಲಿಲ್ಲ. 1956ರಲ್ಲಿ ಥೇಮ್ಸ್‌ನ ಉಪನದಿ ಕೆನೆಟ್‌ನಿಂದ 509 ಮೀನು ತಂದು ಬಿಟ್ಟರು. ಅಲ್ಲಿಂದ ಅವು ನದಿಯುದ್ದಕ್ಕೂ ಹಬ್ಬಿ, ವೂಸ್ಟರ್ ಪಟ್ಟಣದ ಕೆಳಗೆ ಸೆವರ್ನ್ ಸೇರುವ ಟೀಮ್ ಎಂಬ ಪುಟ್ಟ ನದಿಯನ್ನೂ ಹತ್ತಿದವು. ಜಲ್ಲಿ ತಳ, ಮರದ ನೆರಳು, ಬಿರುಸು ನೀರು: ಏಕಾಂತದಲ್ಲಿ ಬಾರ್ಬೆಲ್ ಹುಡುಕುವವರಿಗೆ ಹೇಳಿಮಾಡಿಸಿದ ನದಿಗಳಿವು.

ಇದಕ್ಕೆ ತೆಳು ದಾರ ನಡೆಯದು. ಒಂದೂವರೆ ಪೌಂಡ್ ಟೆಸ್ಟ್ ಕರ್ವ್‌ನ 12 ಅಡಿ ಕೋಲು (ಕೋಲಿನ ತುದಿಯನ್ನು ಲಂಬಕೋನಕ್ಕೆ ಬಗ್ಗಿಸಲು ಬೇಕಾಗುವ ತೂಕವೇ ಟೆಸ್ಟ್ ಕರ್ವ್), 10 ಪೌಂಡಿನ ದಾರ, 10ನೇ ನಂಬರಿನ ಗಟ್ಟಿ ಕೊಕ್ಕೆ, 60ರಿಂದ 90 ಸೆಂ.ಮೀ. ತುಂಡುದಾರ. ಎರೆಗೆ 8 ಮಿ.ಮೀ. ಪೆಲೆಟ್ ಎಂಬ ಒತ್ತಿ ಮಾಡಿದ ಮೀನಾಹಾರದ ಗುಳಿಗೆ, ಇಲ್ಲವೇ 12ರಿಂದ 15 ಮಿ.ಮೀ. ಚೌಕದ ಲಂಚನ್ ಮೀಟ್ ಎಂಬ ಡಬ್ಬಿ ಮಾಂಸ. ಪೆಲೆಟ್ ಗಟ್ಟಿ, ಚುಚ್ಚಲಾಗದು. ಕೊಕ್ಕೆಯ ಹಿಂದೆ ಕೂದಲಿನಂಥ ಒಂದು ಎಳೆ ಬಿಟ್ಟು ಅದಕ್ಕೆ ಪೋಣಿಸಿ, ಕೊಕ್ಕೆ ಬರಿದಾಗಿಯೇ ಇರಲಿ. ಮೀನು ಎರೆ ಹೀರಿದಾಗ ಕೊಕ್ಕೆಯೂ ಒಳಹೋಗಿ, ಉಗುಳುವಾಗ ತುಟಿಗೆ ನಾಟುತ್ತದೆ.

30ರಿಂದ 60 ಗ್ರಾಮಿನ ಫೀಡರಿಗೆ, ಅಂದರೆ ತೂತುಗಳಿರುವ ತೂಕದ ಎರೆಡಬ್ಬಿಗೆ, ಹೆಂಪ್, ಸಣ್ಣ ಪೆಲೆಟ್ ತುಂಬಿ. ಫೀಡರ್ ದಾರದ ಮೇಲೆ ತಡೆಯಿಲ್ಲದೆ ಜಾರುವಂತಿರಬೇಕು. ಗಂಟು ಹಾಕಿ ಬಿಗಿಮಾಡಿದರೆ, ಮುಖ್ಯ ದಾರ ಹರಿದ ದಿನ ಮೀನು ಆ ತೂಕವನ್ನು ಎಳೆದುಕೊಂಡು ತಿರುಗುತ್ತಾ ಬೇರಿಗೆ ಸಿಕ್ಕಿ ಸಾಯುತ್ತದೆ. ಇದು ನಿಯಮದ ಪ್ರಶ್ನೆ ಮಾತ್ರವಲ್ಲ, ಮೀನಿನ ಜೀವದ ಪ್ರಶ್ನೆ. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೊಮ್ಮೆ ಅದೇ ಜಾಗಕ್ಕೆ ಎಸೆದು ತಿನಿಸಿನ ಹಾಸು ಮಾಡಿ, ಆಮೇಲೆ 20 ನಿಮಿಷ ಅಲುಗಾಡಿಸದೆ ಕಾಯಿರಿ. ಸಂಜೆ ಕತ್ತಲು ಕವಿಯುವ ಕೊನೆಯ ಒಂದು ಗಂಟೆ ಉಳಿದ ದಿನಕ್ಕೆ ಸಮ. ಬಾರ್ಬೆಲ್ ಕಚ್ಚಿದರೆ ಅನುಮಾನ ಉಳಿಯದು, ಕೋಲು ಸ್ಟ್ಯಾಂಡಿನಿಂದ ಕಿತ್ತು ಹೋಗುವಂತೆ ಬಾಗುತ್ತದೆ. ಆದ್ದರಿಂದ ಕೋಲು ಬಿಟ್ಟು ದೂರ ಹೋಗಬೇಡಿ, ರೀಲಿನ ತಡೆಯನ್ನು ತುಸು ಸಡಿಲವಾಗಿಡಿ.

ಹಿಡಿದದ್ದನ್ನು ಬಿಡುವುದು

ಇಂಗ್ಲೆಂಡಿನ ನಿಯಮದಂತೆ 20 ಸೆಂ.ಮೀ.ವರೆಗಿನ ಕೆಲವು ಜಾತಿಯ ಸಣ್ಣ ಮೀನು ದಿನಕ್ಕೆ 15 ಒಯ್ಯಬಹುದು. ಆದರೆ ಹಕ್ಕುದಾರರ ಅನುಮತಿ ಬೇಕು, ಬಹುತೇಕ ಕ್ಲಬ್ಬುಗಳು ಒಂದನ್ನೂ ಒಯ್ಯಲು ಬಿಡುವುದಿಲ್ಲ. ಸಾರಿಗಾಗಿ ಮೀನು ಬೇಕಿದ್ದರೆ ಮಾರುಕಟ್ಟೆಗೆ ಹೋಗಿ.

ಗಂಟಿಲ್ಲದ ನೂಲಿನ ಕೈಬಲೆಯನ್ನು ಮೊದಲೇ ನೀರಿಗಿಳಿಸಿ, ಮೀನನ್ನು ಅದರ ಮೇಲೆ ತನ್ನಿ. ಬಲೆಯಿಂದ ಮೀನಿನ ಬೆನ್ನಟ್ಟಬೇಡಿ. ಕೈಯನ್ನು ಒದ್ದೆ ಮಾಡಿಕೊಳ್ಳದೆ ಮುಟ್ಟಿದರೆ ಮೈಯ ಲೋಳೆ ಕಿತ್ತು ಬಂದು, ಆಮೇಲೆ ಅಲ್ಲಿ ಬೂಷ್ಟು ಹಿಡಿಯುತ್ತದೆ. ದೊಡ್ಡ ಮೀನನ್ನು ಒದ್ದೆ ಮಾಡಿದ ಮೆತ್ತೆಯ ಮೇಲೆ ಮಲಗಿಸಿ, ಕೊಕ್ಕೆ ಬಿಡಿಸುವ ಕಡ್ಡಿಯಾದ ಡಿಸ್‌ಗಾರ್ಜರನ್ನು ದಾರದ ಮೇಲೆ ಜಾರಿಸಿ ಕೊಕ್ಕೆಯವರೆಗೆ ಒಯ್ದು, ಮುಂದಕ್ಕೆ ಒತ್ತಿ ಬಿಡಿಸಿ. ಫೋಟೋ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆಯೇ ಮೀನನ್ನು ಎತ್ತಿ, ಮೊಣಕಾಲೂರಿ ಮೆತ್ತೆಯ ಮೇಲೇ ಹಿಡಿಯಿರಿ.

ಬಾರ್ಬೆಲ್ ಬೇರೆ ಮೀನಿನ ಹಾಗಲ್ಲ. ಅದು ಉಸಿರು ಕಟ್ಟುವವರೆಗೂ ಹೋರಾಡುತ್ತದೆ. ಕೂಡಲೇ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲಿಹೋಗಿ ಸತ್ತೇಹೋಗಬಹುದು. ಬಲೆಯೊಳಗೇ ತಲೆಯನ್ನು ಸೆಳವಿಗೆ ಎದುರಾಗಿ ಮಾಡಿ, ನೆಟ್ಟಗೆ ಹಿಡಿದು, ಕಿವಿರು ತಾಳಬದ್ಧವಾಗಿ ಆಡುವವರೆಗೆ ಕಾಯಿರಿ. ಐದು ನಿಮಿಷವಾಗಲಿ ಹತ್ತಾಗಲಿ, ಅದೇ ನಿಮ್ಮ ಕೈಯಿಂದ ಕಿತ್ತುಕೊಂಡು ಹೋಗಬೇಕು. ಕೀಪ್‌ನೆಟ್ಟಿನಲ್ಲಿ, ಅಂದರೆ ಹಿಡಿದ ಮೀನನ್ನು ನೀರಿನಲ್ಲೇ ಕೂಡಿಡುವ ಬಲೆಯಲ್ಲಿ, ಬಾರ್ಬೆಲ್ ಇಡಲೇಬಾರದು. ಬೆನ್ನ ಗರಗಸದಂಥ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿ ಬೆಚ್ಚಗಾದಾಗ ಆಮ್ಲಜನಕ ಇಳಿದಿರುತ್ತದೆ, ಆ ವಾರಗಳಲ್ಲಿ ಬಾರ್ಬೆಲ್‌ಗೆ ಗಾಳವನ್ನೇ ಹಾಕಬೇಡಿ.

ಒಂಟಿ ದಡದ ಅಪಾಯಗಳು

ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ತಲೆಯ ಮೇಲಿನ ತಂತಿಗಳಿಂದ ಕನಿಷ್ಠ 30 ಮೀಟರ್ ದೂರವಿರಿ, ಅವುಗಳ ಕೆಳಗೆ ಹಾಯುವಾಗ ಕೋಲು ಬಿಚ್ಚಿ ಅಡ್ಡ ಹಿಡಿಯಿರಿ. ನದಿನೀರಿನಲ್ಲಿ ಇಲಿಜ್ವರದ ಸೋಂಕು ಇರಬಹುದು. ಗಾಯಕ್ಕೆ ನೀರು ತಾಗದಂತೆ ಪಟ್ಟಿ ಹಚ್ಚಿ, ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಮುಂದಿನ ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ನದಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಿ. ಆಳೆತ್ತರ ಬೆಳೆದು ಛತ್ರಿಯಂಥ ಬಿಳಿ ಹೂ ಬಿಡುವ ಜೈಂಟ್ ಹಾಗ್‌ವೀಡ್‌ನ ರಸ ತಾಗಿ ಬಿಸಿಲು ಬಿದ್ದರೆ ಚರ್ಮ ಸುಟ್ಟಂತೆ ಬೊಬ್ಬೆಯೇಳುತ್ತದೆ, ಕೋಲಿನಿಂದಲೂ ಅದನ್ನು ಬಡಿಯಬೇಡಿ. ದಡದ ತುಂಬ ಗುಲಾಬಿ ಬಣ್ಣದಲ್ಲಿ ಅರಳುವ ಇನ್ನೊಂದು ಗಿಡ ನಮ್ಮ ಕರ್ಣಕುಂಡಲದ ಬಳಗದ್ದು, ಹಿಮಾಲಯದಿಂದ ತಂದು ತೋಟದಲ್ಲಿ ನೆಟ್ಟದ್ದು ತಪ್ಪಿಸಿಕೊಂಡು ನದಿಗಳನ್ನೇ ಆಕ್ರಮಿಸಿದೆ. ಅದರ ಕಾಯಿ ಮುಟ್ಟಿದರೆ ಸಿಡಿದು ಬೀಜ ಬೂಟಿಗೆ, ಬಲೆಗೆ ಅಂಟುತ್ತದೆ.

ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಹೋಗುತ್ತಿದ್ದರೆ ಯಾವ ಹೊಲದ ಹಿಂದೆ, ಎಷ್ಟು ಗಂಟೆಯವರೆಗೆ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ. ಕೊರೆದುಹೋದ ದಡದ ಅಂಚಿಗೆ ನಿಲ್ಲಬೇಡಿ, ಕೆಳಗೆ ಮಣ್ಣಿರುವುದಿಲ್ಲ. ದನಗಳಿರುವ ಹೊಲದ ಗೇಟನ್ನು ಹೇಗಿತ್ತೋ ಹಾಗೆಯೇ ಬಿಡಿ. ತುಂಡಾದ ದಾರವನ್ನೆಲ್ಲ ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಳ್ಳಿ, ಮನೆಯಲ್ಲಿ ಕತ್ತರಿಸಿ ಬಿಸಾಡಿ. ಮರಳಿದ ದಿನವೇ ಬಲೆ, ಬೂಟು, ಮೆತ್ತೆಗಳನ್ನು ತೊಳೆದು, ಒಂದೂ ಬೀಜ, ಮೊಟ್ಟೆ, ಪಾಚಿ ಉಳಿಯದಂತೆ ನೋಡಿ, ಬಿಸಿಲಿಗೆ ಪೂರ್ತಿ ಒಣಗಿಸಿದ ಮೇಲೆಯೇ ಇನ್ನೊಂದು ನದಿಗೆ ಒಯ್ಯಿರಿ.